ಒಂದು 'ನಿ' ತಂದ ಗಾಬರಿ



ಹೋದ ವರ್ಷ ಮಳೆಗಾಲದ ಒಂದು ಸಂಜೆ, ನಮ್ಮ ಬೀದಿಯಲ್ಲೇ ನಾಲ್ಕು ಮನೆ ಆಚೆಗಿರುವ ಹೆಂಗಸೊಬ್ಬರು ಕೊಡೆ ಮಡಿಸುವಷ್ಟೂ ವ್ಯವಧಾನವಿಲ್ಲದೆ ಒಳಗೆ ಬಂದರು. ಹಿಂದೆಯೇ ಅವರ ಮಗ. ಇಪ್ಪತ್ತನಾಲ್ಕು ವರ್ಷದ ಗಟ್ಟಿಮುಟ್ಟಾದ ಹುಡುಗ. ಅವತ್ತು ಮಾತ್ರ ಪರೀಕ್ಷೆಯಲ್ಲಿ ನಪಾಸಾದವನ ಹಾಗೆ ಬಾಗಿಲ ಪಕ್ಕದಲ್ಲೇ ನಿಂತುಬಿಟ್ಟ.

"ಮೇಷ್ಟ್ರೇ, ಇವನ ಕಿಡ್ನಿ ಕೆಟ್ಟಿದೆಯಂತೆ. ಅದೇನೋ ಜಿಮ್ಮಿನ ಬಿಳಿ ಪುಡಿ ದಿನಾ ಕುಡೀತಾನೆ. ಬೇಡ ಕಣೋ ಅಂದ್ರೆ ಕೇಳಲ್ಲ. ನೀವಾದ್ರೂ ಬುದ್ಧಿ ಹೇಳಿ."

ನಾನು ಡಾಕ್ಟರಲ್ಲ. ಮೂವತ್ತೊಂದು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಜೀವರಸಾಯನದ ಪ್ರಯೋಗ ಮಾಡಿಸಿದವನು. ಬೀದಿಯವರ ಕಣ್ಣಿಗೆ ಎರಡೂ ಒಂದೇ. ರಿಪೋರ್ಟು ಬಿಡಿಸಿ ನೋಡಿದೆ. ಹೊಸ ಕೆಲಸಕ್ಕೆ ಸೇರುವ ಮುಂಚೆ ಮಾಡಿಸಿದ್ದ ರಕ್ತಪರೀಕ್ಷೆ. ಎಲ್ಲ ಸಾಲೂ ಸರಿಯಾಗಿದ್ದವು. ಒಂದೇ ಒಂದು ಸಾಲು ದಪ್ಪಕ್ಷರದಲ್ಲಿತ್ತು. ಸೀರಮ್ ಕ್ರಿಯಾಟಿನಿನ್ 1.42. ಪಕ್ಕದಲ್ಲಿ, ಇರಬೇಕಾದದ್ದು 0.7ರಿಂದ 1.3.

"ಕಿಡ್ನಿ ಕೆಟ್ಟಿದೆ ಅಂತ ಹೇಳಿದ್ದು ಯಾರು?"

"ಮೊಬೈಲಲ್ಲಿ ನೋಡಿದ್ವಿ ಸಾರ್," ಅಂದ ಹುಡುಗ.

"ರಕ್ತ ಕೊಡುವಾಗ, ಪುಡಿ ಕುಡೀತೀನಿ ಅಂತ ಹೇಳಿದ್ಯಾ?"

"ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ."

ಅವನು ಕುಡಿಯುತ್ತಿದ್ದ ಪುಡಿಯ ಹೆಸರು ಕ್ರಿಯಾಟಿನ್. ರಿಪೋರ್ಟಿನಲ್ಲಿದ್ದದ್ದು ಕ್ರಿಯಾಟಿನಿನ್. ನಡುವೆ ಒಂದು 'ನಿ' ಹೆಚ್ಚು, ಅಷ್ಟೆ. ಈ 'ನಿ' ಎಲ್ಲಿಂದ ಬಂತು ಎಂದು ಗೊತ್ತಾದರೆ ಪುಡಿಯ ವಿಚಾರ ಮುಕ್ಕಾಲು ಪಾಲು ಗೊತ್ತಾದಂತೆಯೇ.

ಕ್ರಿಯಾಟಿನ್ ಜಿಮ್ಮಿನವರು ಹೊಸದಾಗಿ ಹುಟ್ಟಿಸಿದ ವಸ್ತುವಲ್ಲ. ನಿಮ್ಮ ಮೈಯಲ್ಲೂ ಇದೆ. ಎಪ್ಪತ್ತು ಕಿಲೋ ತೂಗುವ ಗಂಡಸಿನಲ್ಲಿ ಸುಮಾರು 120 ಗ್ರಾಂ, ಅದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಸ್ನಾಯುಗಳಲ್ಲೇ. ಇದನ್ನು 1832ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೆಲ್ ಮಾಂಸದ ಸಾರಿನಲ್ಲಿ ಕಂಡ. ಗ್ರೀಕ್ ಭಾಷೆಯ ಮಾಂಸ ಎಂಬ ಮಾತಿನಿಂದಲೇ ಹೆಸರಿಟ್ಟ. ಹದಿನೈದು ವರ್ಷದ ಮೇಲೆ ಜರ್ಮನಿಯ ಲೀಬಿಗ್ ಒಂದು ಸ್ವಾರಸ್ಯದ ಸಂಗತಿ ಬರೆದ: ಬೋನಿನಲ್ಲಿ ಸಾಕಿದ ನರಿಗಿಂತ ಬೇಟೆಯಲ್ಲಿ ಅಟ್ಟಿಸಿಕೊಂಡು ಓಡಿ ಸತ್ತ ನರಿಯ ಮಾಂಸದಲ್ಲಿ ಇದು ಹತ್ತು ಪಟ್ಟು ಇತ್ತಂತೆ. ಇದಕ್ಕೂ ಮೈಯ ದುಡಿಮೆಗೂ ನಂಟಿದೆ ಎಂಬ ಅನುಮಾನ ಅಲ್ಲಿಗೆ ಶುರುವಾಯಿತು.

ಆ ನಂಟು ಏನೆಂದು ಬಿಡಿಸಿದವರಲ್ಲಿ ಒಬ್ಬರು ನಮ್ಮ ಪಕ್ಕದ ಸೀಮೆಯವರು. ಯಲ್ಲಾಪ್ರಗಡ ಸುಬ್ಬರಾವ್, 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು. ಮದರಾಸಿನ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟು ಬಂದರೆಂದು ಒಬ್ಬ ಬಿಳಿಯ ಪ್ರೊಫೆಸರಿಗೆ ಸಿಟ್ಟು ಬಂದು, ಇವರಿಗೆ ಪೂರ್ತಿ ಪದವಿಯೇ ಸಿಗಲಿಲ್ಲ; ಕೆಳಗಿನ ಎಲ್.ಎಂ.ಎಸ್. ಕೊಟ್ಟು ಕಳಿಸಿದರು. ಅಮೆರಿಕಕ್ಕೆ ಹೋಗಿ, ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ಚಾಕರಿ ಮಾಡುತ್ತ ಹಾರ್ವರ್ಡ್ ಸೇರಿದರು. ಅಲ್ಲಿ ಫಿಸ್ಕೆ ಎಂಬುವರ ಜೊತೆ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಅಳೆಯುವ ಒಂದು ವಿಧಾನ ರೂಪಿಸಿದರು. ನಾನು ಪಾಠ ಹೇಳಿದಷ್ಟು ವರ್ಷವೂ ನಮ್ಮ ಹುಡುಗರು 'ಫಿಸ್ಕೆ-ಸುಬ್ಬರಾವ್ ಮಾಡಿದ್ವಿ ಸಾರ್' ಎನ್ನುತ್ತಿದ್ದುದು ಇದನ್ನೇ. ಕೊಳವೆಗೆ ದ್ರಾವಣ ಹಾಕುತ್ತೀರಿ, ಮಾಲಿಬ್ಡೇಟ್ ಹಾಕುತ್ತೀರಿ, ಇನ್ನೊಂದು ದ್ರಾವಣ ಹನಿಸುತ್ತೀರಿ. ಕಣ್ಣೆದುರಿಗೇ ನೀಲಿ ಏರುತ್ತದೆ. ನೀಲಿ ಎಷ್ಟು ಗಾಢವೋ ರಂಜಕ ಅಷ್ಟು.

ಸ್ನಾಯುವಿನ ರಸ ಹಾಕಿದಾಗ ಮಾತ್ರ ಆ ನೀಲಿ ತಡವಾಗಿ, ಮೆಲ್ಲಗೆ ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕೊಳವೆ ಸರಿಯಾಗಿ ತೊಳೆದಿಲ್ಲ ಎಂದುಕೊಂಡು ಚೆಲ್ಲಿಬಿಡುತ್ತಿದ್ದರು. ಈ ಇಬ್ಬರೂ ತಡವಾದದ್ದೇಕೆ ಎಂದು ಕೇಳಿದರು. ಯಾವುದೋ ಸಡಿಲ ಗಂಟಿನಲ್ಲಿ ಕಟ್ಟಿಕೊಂಡ ರಂಜಕ ಆಮ್ಲದಲ್ಲಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿತ್ತು. ಗಂಟು ಕಟ್ಟಿದ್ದು ಕ್ರಿಯಾಟಿನ್. ಅದು 1927. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಗಲ್ಟನ್ ದಂಪತಿ ಕೂಡ ಇದನ್ನೇ ಕಂಡರು.  

ಈ ಗಂಟಿನಿಂದ ಏನು ಉಪಯೋಗ? ಸ್ನಾಯು ಕೆಲಸ ಮಾಡಲು ಬೇಕಾದ ನಗದು ಎ.ಟಿ.ಪಿ. ಎಂಬ ವಸ್ತು. ಜೋರಾಗಿ ಓಡಿದರೆ, ಭಾರ ಎತ್ತಿದರೆ ಅದು ಎರಡು ಮೂರು ಸೆಕೆಂಡಿನಲ್ಲಿ ಖಾಲಿ. ಊಟದಿಂದ ಹೊಸ ನಗದು ತಯಾರಾಗುವುದು ಬ್ಯಾಂಕಿನ ಸಾಲದ ಹಾಗೆ, ಬರುತ್ತದೆ, ಹೊತ್ತಾಗುತ್ತದೆ. ಆ ನಡುವಿನ ಹತ್ತು ಸೆಕೆಂಡಿಗೆ ಕೈಗಡ ಕೊಡುವವನು ಕ್ರಿಯಾಟಿನ್. ತನ್ನ ಹತ್ತಿರ ಕಟ್ಟಿಟ್ಟ ರಂಜಕವನ್ನು ಬಿಚ್ಚಿ ಕೊಡುತ್ತದೆ, ಆಮೇಲೆ ನಿಧಾನಕ್ಕೆ ವಸೂಲು ಮಾಡಿಕೊಳ್ಳುತ್ತದೆ. ಹಾಗಾಗಿ ನೂರು ಮೀಟರ್ ಓಡುವವರಿಗೆ, ಭಾರ ಎತ್ತುವವರಿಗೆ, ಕಬಡ್ಡಿಯಲ್ಲಿ ಗೆರೆ ಮುಟ್ಟಲು ನೆಗೆಯುವವರಿಗೆ ಇದರ ಪ್ರಯೋಜನ ಉಂಟು. ಗಂಟೆಗಟ್ಟಲೆ ಓಡುವ ಮ್ಯಾರಥಾನಿಗೆ ಅಷ್ಟಾಗಿ ಇಲ್ಲ. ಪುಡಿ ಕುಡಿದು ಸೋಫಾದ ಮೇಲೆ ಕುಳಿತವರಿಗಂತೂ ಏನೂ ಇಲ್ಲ.

ಈಗ 'ನಿ' ವಿಷಯ. ಮೈಯಲ್ಲಿರುವ ಕ್ರಿಯಾಟಿನ್ ದಿನಕ್ಕೆ ಒಂದೆರಡು ಗ್ರಾಂನಷ್ಟು ತಾನಾಗಿಯೇ ಒಂದು ನೀರಿನ ಅಣು ಕಳಚಿಕೊಂಡು ಕ್ರಿಯಾಟಿನಿನ್ ಆಗುತ್ತದೆ. ಅದು ಕಸ. ಕಿಡ್ನಿ ಅದನ್ನು ಶೋಧಿಸಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ಸೋತರೆ ಕಸ ರಕ್ತದಲ್ಲಿ ನಿಲ್ಲುತ್ತದೆ. ಅದಕ್ಕೇ ಡಾಕ್ಟರು ಅದನ್ನು ಅಳೆಯುವುದು. ಆದರೆ ಮೋರಿಯಲ್ಲಿ ನೀರು ಏರಲು ಕಾರಣ ಎರಡಿರಬಹುದಲ್ಲ? ಮೋರಿ ಕಟ್ಟಿಕೊಂಡಿರಬಹುದು. ಇಲ್ಲವೇ ಮೇಲಿನ ಮನೆಯವರು ಅವತ್ತು ಟ್ಯಾಂಕು ತೊಳೆದಿರಬಹುದು. ತೋಳು ತೊಡೆ ದಪ್ಪಗಿದ್ದು, ಹಿಂದಿನ ದಿನ ಭಾರ ಎತ್ತಿ, ಮೇಲಿಂದ ಕ್ರಿಯಾಟಿನ್ ಕುಡಿಯುವ ಹುಡುಗನ ರಕ್ತದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚಿರುವುದು ಸಹಜ. ಬರೀ ಆ ಒಂದು ಅಂಕಿ ನೋಡಿ ಕಿಡ್ನಿ ಹೋಯಿತು ಅನ್ನುವ ಹಾಗಿಲ್ಲ. ಹೋಗಿಲ್ಲ ಎಂದು ನಾನು ಜಗಲಿಯಲ್ಲಿ ಕುಳಿತು ಹೇಳುವ ಹಾಗೂ ಇಲ್ಲ.

ಅವರನ್ನು ಫಿಸಿಶಿಯನ್ ಹತ್ತಿರ ಕಳಿಸಿದೆ. ಪುಡಿಯ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ ಅಂದೆ. ಆ ಡಾಕ್ಟರು ಹೇಳಿದ್ದು: ಮೂರು ವಾರ ಪುಡಿ ನಿಲ್ಲಿಸು, ಪರೀಕ್ಷೆಗೆ ಮುಂಚಿನ ಎರಡು ದಿನ ಭಾರ ಎತ್ತಬೇಡ, ಹಿಂದಿನ ರಾತ್ರಿ ಮಾಂಸದೂಟ ಬೇಡ, ಆಮೇಲೆ ಕ್ರಿಯಾಟಿನಿನ್ ಜೊತೆಗೆ ಸಿಸ್ಟಾಟಿನ್ ಸಿ, ಮೂತ್ರದಲ್ಲಿ ಅಲ್ಬುಮಿನ್ ಎರಡನ್ನೂ ನೋಡೋಣ. ಸಿಸ್ಟಾಟಿನ್ ಸಿ ಎಂಬುದಕ್ಕೆ ಈ ಪುಡಿಯ ಗೊಡವೆಯಿಲ್ಲ. ಕಿಡ್ನಿ ಶೋಧಿಸುತ್ತಿದೆಯೇ ಇಲ್ಲವೇ ಎಂಬುದನ್ನು ಅದು ಬೇರೆ ದಾರಿಯಿಂದ ಹೇಳುತ್ತದೆ.

ಆ ಮೂರು ವಾರದಲ್ಲಿ ಹುಡುಗ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬರತೊಡಗಿದ. ನೀನು ಇದನ್ನು ಹೇಗೆ ಕುಡೀತಿದ್ದೆ ತೋರಿಸು ಅಂದೆ. ಡಬ್ಬಿಯೊಳಗಿನ ಪ್ಲಾಸ್ಟಿಕ್ ಚಮಚದಲ್ಲಿ ಗೋಪುರದಂತೆ ತುಂಬಿಕೊಂಡು, ಹಾಕಿಕೊಳ್ಳದೆ, ಬಾಯಿಯವರೆಗೆ ಒಯ್ದು ತೋರಿಸಿದ. ಮೇಲೆ ಒಂದು ಗುಟುಕು ನೀರು ಕುಡಿಯುತ್ತಿದ್ದನಂತೆ. ಡ್ರೈ ಸ್ಕೂಪ್ ಅಂತೆ. ಒಣಪುಡಿ ಶ್ವಾಸಕ್ಕೆ ಹೋದರೆ ಗತಿಯೇನಪ್ಪಾ ಅಂದೆ. ನಗುತ್ತ, ಎಲ್ಲರೂ ಹೀಗೇ ಮಾಡ್ತಾರೆ ಸಾರ್ ಅಂದ.

ಅಡುಗೆಮನೆಯಿಂದ ತೂಕದ ಯಂತ್ರ ತಂದೆ. ಅವನ ಗೋಪುರದ ಚಮಚ ಎಂಟೂವರೆ ಗ್ರಾಂ ತೂಗಿತು. ಡಬ್ಬಿಯ ಮೇಲೆ ಐದು ಎಂದು ಬರೆದಿತ್ತು. ಅದೂ ದಿನಕ್ಕೆ ಎರಡು ಸಲ ಕುಡಿಯುತ್ತಿದ್ದನಂತೆ! ದೊಡ್ಡವರಿಗೆ ದಿನಕ್ಕೆ ಮೂರರಿಂದ ಐದು ಗ್ರಾಂ ಸಾಕು. ಚಮಚದ ನೆತ್ತಿಯನ್ನು ಚಾಕುವಿನ ಬೆನ್ನಿನಿಂದ ಸಮ ಮಾಡಿಕೊಳ್ಳಿ, ಒಂದು ಸಲ ತೂಗಿ ನೋಡಿಕೊಳ್ಳಿ. ಆಮೇಲೆ ಕಣ್ಣಳತೆ ನಂಬಬಹುದು.

ಮೊದಲ ವಾರ ದಿನಕ್ಕೆ ಇಪ್ಪತ್ತು ಗ್ರಾಂ ಹಾಕಿ ಸ್ನಾಯು ತುಂಬಿಸಬೇಕು ಎಂಬ ಮಾತು ಜಿಮ್ಮುಗಳಲ್ಲಿ ಚಾಲ್ತಿಯಲ್ಲಿದೆ. ಲೋಡಿಂಗ್ ಅನ್ನುತ್ತಾರೆ. ಇದು ಸುಳ್ಳಲ್ಲ. 1992ರಲ್ಲಿ ಹ್ಯಾರಿಸ್ ಎಂಬ ಸಂಶೋಧಕ ಮತ್ತು ಸಂಗಡಿಗರು ಐದೈದು ಗ್ರಾಂನಂತೆ ದಿನಕ್ಕೆ ನಾಲ್ಕಾರು ಸಲ ಕೊಟ್ಟೇ ಸ್ನಾಯುವಿನಲ್ಲಿ ಕ್ರಿಯಾಟಿನ್ ಏರುವುದನ್ನು ತೋರಿಸಿದ್ದು. ಆದರೆ 1996ರಲ್ಲಿ ಅದೇ ಬಳಗದ ಹುಲ್ಟ್‌ಮನ್ ಮತ್ತವರ ಜೊತೆಗಾರರು ದಿನಕ್ಕೆ ಬರೀ ಮೂರು ಗ್ರಾಂ ಕೊಟ್ಟು ನೋಡಿದರು. ಇಪ್ಪತ್ತೆಂಟು ದಿನಕ್ಕೆ ಅದೇ ಮಟ್ಟ ಮುಟ್ಟಿತು. ಒಂದು ವಾರದ ಬದಲು ನಾಲ್ಕು ವಾರ, ಅಷ್ಟೆ. ಮುಂದಿನ ವಾರ ಒಲಿಂಪಿಕ್ಸಿಗೆ ಹೊರಟವರಿಗೆ ಅವಸರವಿರಬಹುದು. ಮಿಕ್ಕವರು ಹೊಟ್ಟೆ ಕೆಡಿಸಿಕೊಳ್ಳುವುದೇಕೆ? ಒಂದೇ ಸಲಕ್ಕೆ ಹತ್ತು ಗ್ರಾಂ ನುಂಗಿದರೆ ಭೇದಿಯಾಗುವುದು ಸಾಮಾನ್ಯ. ಕರುಳಿನಲ್ಲಿ ಉಳಿದ ಪುಡಿ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ಆಮೇಲೆ ಸ್ಟೀಲ್ ಲೋಟದಲ್ಲಿ ಕಲಸಿದೆವು. ಹೂಜಿಯ ತಣ್ಣೀರು, ಇನ್ನೂರು ಮಿಲಿ. ಅದಕ್ಕೆ ಐದು ಗ್ರಾಂ. ಚಮಚ ಆಡಿಸಿ ಬಿಟ್ಟರೆ ತಳದಲ್ಲಿ ಸಣ್ಣ ಮರಳಿನ ಹಾಗೆ ಗಷ್ಟು ನಿಂತಿತು. "ಕಲಬೆರಕೆ ಇರಬೇಕು ಸಾರ್, ನಂಗೆ ಮೊದಲೇ ಡೌಟಿತ್ತು," ಅಂದ. ಕಲಬೆರಕೆಯಲ್ಲ. ಈ ಪುಡಿ ಸಕ್ಕರೆಯಲ್ಲ. ಇಪ್ಪತ್ತು ಡಿಗ್ರಿ ಬಿಸಿಯಿರುವ ಒಂದು ಲೀಟರ್ ನೀರು ಹದಿನಾಲ್ಕು ಗ್ರಾಂ ಮಾತ್ರ ಕರಗಿಸಿಕೊಳ್ಳುತ್ತದೆ. ಫ್ರಿಜ್ಜಿನ ನೀರಾದರೆ ಆರೇ ಗ್ರಾಂ. ಐವತ್ತು ಡಿಗ್ರಿಯ ನೀರಾದರೆ ಮೂವತ್ತನಾಲ್ಕು. ಅದೇ ಐದು ಗ್ರಾಂ ಪುಡಿಯನ್ನು ಸ್ನಾನದ ನೀರಿನಷ್ಟು ಸ್ವಲ್ಪ ಬಿಸಿ ಮಾಡಿದ ನೀರಿಗೆ ಹಾಕಿ ಕಲಕಿದಾಗ ಗಷ್ಟು ಕರಗಿ ಲೋಟದ ತಳ ಹೊಳೆಯಿತು. ಬಿಸಿ ನೀರು ಬೇಡವೆಂದರೆ ದೊಡ್ಡ ಲೋಟ ತೆಗೆದುಕೊಳ್ಳಿ, ತಳದಲ್ಲಿ ಉಳಿದದ್ದಕ್ಕೆ ಇನ್ನೊಂದಿಷ್ಟು ನೀರು ಹಾಕಿ ಆಡಿಸಿ ಕುಡಿಯಿರಿ. ಹಾಲಿನಲ್ಲಾಗಲಿ, ರಾಗಿ ಗಂಜಿಯಲ್ಲಾಗಲಿ, ಊಟದ ಜೊತೆಗಾಗಲಿ ತಗೊಂಡರೂ ಆಗುತ್ತದೆ. ಹೊತ್ತು ಮುಖ್ಯವಲ್ಲ, ದಿನಾ ತಪ್ಪದಿರುವುದು ಮುಖ್ಯ.

ಕಲಸಿ ಇಟ್ಟುಕೊಂಡು ಮಾರನೇ ದಿನ ಕುಡಿಯುವುದು ಮಾತ್ರ ಬೇಡ. ಒಣಪುಡಿ ಡಬ್ಬಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ನೀರಿಗೆ ಬಿದ್ದ ಕ್ಷಣದಿಂದ ಮೆಲ್ಲಮೆಲ್ಲನೆ ಆ 'ನಿ' ಸೇರಿಕೊಳ್ಳತೊಡಗುತ್ತದೆ. ಹುಳಿ ಹೆಚ್ಚಿದಷ್ಟೂ ಬೇಗ. ನಿಂಬೆ ಶರಬತ್ತಿನಷ್ಟು ಹುಳಿಯಲ್ಲಿ ಮೂರು ದಿನ ಇಟ್ಟರೆ ಐದರಲ್ಲಿ ಒಂದು ಪಾಲು ಕಸವಾಗಿರುತ್ತದೆ. ಮಜ್ಜಿಗೆಗೆ ಹಾಕಿ ಆಗಲೇ ಕುಡಿದರೆ ಏನೂ ತೊಂದರೆಯಿಲ್ಲ. ಜಿಮ್ಮಿನ ಬ್ಯಾಗಿನಲ್ಲಿ ಮರೆತ ನಿನ್ನೆಯ ಶೇಕರನ್ನು ಚೆಲ್ಲಿಬಿಡಿ. ಹುಳಿಸಿಹಿಯ, ಒದ್ದೆಯ ಗಮ್ಮಿ ಮಿಠಾಯಿಯ ರೂಪದಲ್ಲಿ ಬರುವ ಕ್ರಿಯಾಟಿನ್ ಬಗ್ಗೆ ನನಗೆ ಅನುಮಾನ ಇರುವುದೂ ಇದೇ ಕಾರಣಕ್ಕೆ. ಮಂಗಳೂರು, ಕಾರವಾರದ ಕಡೆಯವರು ಒಂದು ಕೇಳಬಹುದು: ಮಳೆಗಾಲದಲ್ಲಿ ಪುಡಿ ಗಂಟು ಕಟ್ಟಿದೆ, ಎಸೆಯಲೇ? ಬೇಡ. ಬರೀ ಥಂಡಿಗೆ ಕಟ್ಟಿದ ಗಂಟಾದರೆ ಒಡೆದು ಬಳಸಿ. ಒದ್ದೆ ಚಮಚ ಮಾತ್ರ ಒಳಗೆ ಹಾಕಬೇಡಿ. ಬಣ್ಣ, ವಾಸನೆ ಬದಲಾಗಿದ್ದರೆ ಎಸೆಯಿರಿ.

ಮೊದಲ ವಾರಗಳಲ್ಲಿ ಒಂದೆರಡು ಕಿಲೋ ತೂಕ ಏರುತ್ತದೆ. ಸ್ನಾಯುವಿನೊಳಗೆ ಕ್ರಿಯಾಟಿನ್ ಜೊತೆ ನೀರೂ ಸೇರಿಕೊಳ್ಳುವುದರಿಂದ ಹಾಗೆ. ಅದು ಕೊಬ್ಬಲ್ಲ, ಆ ವಾರಗಳಲ್ಲಿ ಬೆಳೆದ ಮಾಂಸವೂ ಅಲ್ಲ. ತೂಕದ ವಿಭಾಗದಲ್ಲಿ ಆಡುವ ಕುಸ್ತಿ ಹುಡುಗರು ಇದನ್ನು ಮರೆಯಬಾರದು. 1997ರ ಕೊನೆಯಲ್ಲಿ ಅಮೆರಿಕದಲ್ಲಿ ತಿಂಗಳೊಂದರ ಆಸುಪಾಸಿನಲ್ಲೇ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಮೊದಲು ಬೆರಳು ತೋರಿಸಿದ್ದು ಕ್ರಿಯಾಟಿನ್ ಕಡೆಗೆ. ತನಿಖೆಯಲ್ಲಿ ತಿಳಿದದ್ದು ಬೇರೆ: ತೂಕ ಇಳಿಸಲು ರಬ್ಬರಿನ ಉಡುಪು ತೊಟ್ಟು, ಬಿಸಿ ಕೋಣೆಯಲ್ಲಿ ಬೆವರು ಹರಿಸಿ, ನೀರು ಬಿಟ್ಟು ಕಸರತ್ತು ಮಾಡಿದ್ದರು. ಮೈಯ ನೀರು ಬತ್ತಿ, ಕಾವು ಏರಿ ಸತ್ತರು. ಕ್ರಿಯಾಟಿನ್ ಕುಡಿಯುವವರು ಕೊಡಗಟ್ಟಲೆ ನೀರು ಕುಡಿಯಬೇಕು ಎಂಬುದು ಅತಿಯ ಮಾತು. ಬಾಯಾರಿಕೆಗೆ, ಬೆವರಿಗೆ ತಕ್ಕಷ್ಟು ಕುಡಿದರೆ ಆಯಿತು.

ಕೂದಲು ಉದುರುತ್ತದೆಯೇ ಎಂಬುದು ಹುಡುಗನ ಗುಟ್ಟಿನ ಪ್ರಶ್ನೆಯಾಗಿತ್ತು. ಅಮ್ಮ ಇಲ್ಲದ ಹೊತ್ತು ನೋಡಿ ಕೇಳಿದ. ಈ ಮಾತು ಹುಟ್ಟಿದ್ದು 2009ರ ಒಂದು ಪ್ರಯೋಗದಿಂದ. ದಕ್ಷಿಣ ಆಫ್ರಿಕಾದ ಇಪ್ಪತ್ತು ಮಂದಿ ರಗ್ಬಿ ಆಟಗಾರರಲ್ಲಿ, ಬೋಳುತಲೆಗೆ ಸಂಬಂಧಪಟ್ಟ ಒಂದು ಹಾರ್ಮೋನು ಏರಿದ್ದು ಕಂಡಿತು. ಅವರಲ್ಲಿ ಯಾರ ಕೂದಲನ್ನೂ ಯಾರೂ ಎಣಿಸಿರಲಿಲ್ಲ. ನಿಮ್ಮಪ್ಪನ ತಲೆ ನೋಡಿ ಅಂದಾಜು ಮಾಡಿಕೋ ಅಂದೆ.

ಯಾರಿಗೆ ಬೇಡ ಎಂಬುದನ್ನು ಸುತ್ತಿಬಳಸದೆ ಹೇಳುತ್ತೇನೆ. ಕಿಡ್ನಿಯ ತೊಂದರೆ ಇರುವವರು ಈ ಪುಡಿ ಮುಟ್ಟಬಾರದು. 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದು ದೊಡ್ಡ ಸುದ್ದಿಯಾದ ಪ್ರಕರಣದ ಇಪ್ಪತ್ತೈದರ ಯುವಕನಿಗೂ ಮೊದಲಿನಿಂದ ಕಿಡ್ನಿಯ ಕಾಯಿಲೆ ಇತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಕಿಡ್ನಿಯ ಮೇಲೆ ಭಾರ ಹಾಕುವ ಮಾತ್ರೆ ನುಂಗುವವರು, ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಬಸುರಿ ಬಾಣಂತಿಯರು, ಹದಿನೆಂಟು ತುಂಬದವರು ತಾವಾಗಿಯೇ ತೆಗೆದುಕೊಳ್ಳುವುದು ಬೇಡ. ಇನ್ನೊಂದು, ಜಿಮ್ಮಿನಲ್ಲಿ ಮೈಕೈ ನೋವಿಗೆ ನೋವಿನ ಮಾತ್ರೆಯನ್ನು ಕಡಲೆಯಂತೆ ತಿನ್ನುವ ಹುಡುಗರಿದ್ದಾರೆ. ಕಿಡ್ನಿಯ ಬಗ್ಗೆ ಭಯಪಡುವುದಾದರೆ ಮೊದಲು ಅದಕ್ಕೆ ಭಯಪಡಲಿ. ಇದಾವುದೂ ಇಲ್ಲದ ಆರೋಗ್ಯವಂತರಲ್ಲಿ ಹೇಳಿದ ಅಳತೆಯ ಕ್ರಿಯಾಟಿನ್ ಕಿಡ್ನಿ ಕೆಡಿಸಿದ್ದು ಇಷ್ಟು ವರ್ಷದ ಪ್ರಯೋಗಗಳಲ್ಲಿ ಕಂಡಿಲ್ಲ.

ಸಸ್ಯಾಹಾರಿಗಳು ಕೇಳುವುದು ಬೇರೆ: ಇದು ಮಾಂಸದಿಂದ ಬಂದದ್ದೇ? ಹೆಸರು ಮಾಂಸದ್ದು, ಪುಡಿ ಕಾರ್ಖಾನೆಯದು. ಸಾರ್ಕೊಸಿನ್, ಸಯನಮೈಡ್ ಎಂಬ ಎರಡು ರಾಸಾಯನಿಕಗಳನ್ನು ಕೂಡಿಸಿ ಮಾಡುತ್ತಾರೆ. ಕ್ಯಾಪ್ಸೂಲಾದರೆ ಹೊರಗಿನ ಸಿಪ್ಪೆ ಪ್ರಾಣಿಮೂಲದ ಜೆಲಟಿನ್ ಇರಬಹುದು, ಹಸಿರು ಗುರುತು ನೋಡಿಕೊಳ್ಳಿ. ಮೀನು ಮಾಂಸ ತಿನ್ನುವವರಿಗೆ ಊಟದಿಂದಲೇ ದಿನಕ್ಕೆ ಒಂದು ಗ್ರಾಂನಷ್ಟು ಸಿಗುತ್ತದೆ. ಅನ್ನ, ಸಾರು, ಮೊಸರಿನ ಊಟದವರಿಗೆ ಸಿಗುವುದು ಇಲ್ಲವೆನ್ನುವಷ್ಟು ಕಡಿಮೆ. ಮೈಯೇ ತಯಾರಿಸಿಕೊಂಡು ತೂಗಿಸುತ್ತದೆ. ಅವರ ಸ್ನಾಯುವಿನಲ್ಲಿ ಜಾಗ ಹೆಚ್ಚು ಖಾಲಿ ಇರುವುದರಿಂದ ಪುಡಿಯ ಪರಿಣಾಮವೂ ಒಂದು ಕೈ ಹೆಚ್ಚು.

ಕೊಳ್ಳುವಾಗ ಕ್ರಿಯಾಟಿನ್ ಮೊನೊಹೈಡ್ರೇಟ್ ಎಂದಷ್ಟೇ ಬರೆದಿರುವುದನ್ನು ಕೊಳ್ಳಿ. ಅದರ ಪಕ್ಕದಲ್ಲೇ ಎರಡು ಪಟ್ಟು ಬೆಲೆಗೆ ಬೇರೆ ಬೇರೆ ಹೆಸರಿನವು ಕುಳಿತಿರುತ್ತವೆ. ಹೆಚ್ಚು ಕೆಲಸ ಮಾಡುತ್ತವೆ ಎಂಬುದಕ್ಕೆ ಆಧಾರವಿಲ್ಲ. ಹತ್ತು ಬಗೆ ಕೂಡಿಸಿ, ಯಾವುದು ಎಷ್ಟು ಎಂದು ಹೇಳದ ಮಿಶ್ರಣಗಳ ಗೋಜಿಗೆ ಹೋಗಬೇಡಿ. ಎಫ್‌.ಎಸ್‌.ಎಸ್‌.ಎ.ಐ. ಎಂಬ ಆಹಾರ ಸುರಕ್ಷತಾ ಸಂಸ್ಥೆಯ ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ, ಹೆಲ್ತ್ ಸಪ್ಲಿಮೆಂಟ್ ಎಂಬ ಮಾತು, ಬ್ಯಾಚು, ತಾರೀಖು, ಮುರಿಯದ ಸೀಲು ಇರಲಿ. ತರಬೇತುದಾರ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಡುವ ಬಿಡಿ ಪುಡಿ ಎಷ್ಟೇ ಅಗ್ಗವಾದರೂ ಬೇಡ. ಕ್ರಿಯಾಟಿನ್ ನಿಷೇಧಿತ ಮದ್ದುಗಳ ಪಟ್ಟಿಯಲ್ಲಿಲ್ಲ, ಆದರೆ ಕಲಬೆರಕೆಯಾದ ಡಬ್ಬಿಯಲ್ಲಿ ನಿಷೇಧಿತವಾದದ್ದು ಸೇರಿದ್ದರೆ ಶಿಕ್ಷೆ ಆಟಗಾರನಿಗೇ.

ಮೂರು ವಾರ ಕಳೆದು ತಾಯಿ ಮಗ ಮತ್ತೆ ಬಂದರು. ಕ್ರಿಯಾಟಿನಿನ್ 1.08. ಸಿಸ್ಟಾಟಿನ್ ಸಿ ಸರಿಯಾಗಿತ್ತು, ಮೂತ್ರದಲ್ಲಿ ಅಲ್ಬುಮಿನ್ ಇರಲಿಲ್ಲ. ಐದು ಗ್ರಾಂ ಮೀರದ ಹಾಗೆ ಬೇಕಾದರೆ ಮುಂದುವರಿಸು, ಆರು ತಿಂಗಳಿಗೊಮ್ಮೆ ತೋರಿಸಿಕೋ ಅಂದಿದ್ದರಂತೆ ಡಾಕ್ಟರು. ಆಕೆ ಕಾಫಿ ಕುಡಿದು ಲೋಟ ಕೆಳಗಿಟ್ಟು, ಸ್ವಲ್ಪ ಸಂಕೋಚದಿಂದಲೇ ಕೇಳಿದರು.

"ಹಂಗಾದ್ರೆ ನಾನೂ ಒಂದು ಚಮಚ ತಗೊಳ್ಳಲಾ ಮೇಷ್ಟ್ರೇ? ಮೆಟ್ಟಿಲು ಹತ್ತೋಕೆ ತೊಡೆಯಲ್ಲಿ ಶಕ್ತಿನೇ ಇಲ್ಲ."

ಕೇಳಬಾರದ ಪ್ರಶ್ನೆಯೇನಲ್ಲ. ಐವತ್ತೈದು ದಾಟಿದವರು ವಾರದಲ್ಲಿ ಮೂರು ದಿನ ಭಾರದ ವ್ಯಾಯಾಮ ಮಾಡುತ್ತ ದಿನಕ್ಕೆ ಮೂರು ಗ್ರಾಂ ಕ್ರಿಯಾಟಿನ್ ತೆಗೆದುಕೊಂಡರೆ ಸ್ನಾಯುವಿನ ಬಲಕ್ಕೆ ಅನುಕೂಲ ಎಂದು ಯುರೋಪಿನ ಆಹಾರ ಸುರಕ್ಷಾ ಸಂಸ್ಥೆಯೇ 2016ರಲ್ಲಿ ಒಪ್ಪಿದೆ. ಆದರೆ ಈಕೆಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮೊದಲು ಕಿಡ್ನಿ ಪರೀಕ್ಷೆ ಮಾಡಿಸಿ, ಡಾಕ್ಟರು ಹೂಂ ಅನ್ನಲಿ, ಭಾರ ಎತ್ತುವುದನ್ನು ಕಲಿಯಿರಿ, ಪುಡಿಯ ಮಾತು ಆಮೇಲೆ ಅಂದೆ.

ಮಗ ಡಬ್ಬಿಯನ್ನು ಬಗಲಿಗೆ ಇಟ್ಟುಕೊಂಡು ಎದ್ದ. "ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಲ್ಯಾಬಿಗೆ ಹೋಗೋಣಮ್ಮ. ನೀನು ತಗೊಳೋ ಮಾತ್ರೆ ಎಲ್ಲಾ ಒಂದು ಚೀಟೀಲಿ ಬರ್ಕೋ. ಆ ಪಕ್ಕದ ಬೀದಿ ಕಷಾಯದ ಪುಡೀನೂ ಸೇರಿಸಿ ಬರಿ. ಅವರು ಕೇಳ್ದೇ ಇದ್ರೂ ನಾವೇ ಹೇಳ್ಬೇಕು."

"ಕಷಾಯ ಬೇರೆ ಯಾಕೋ," ಎಂದು ಆಕೆ ಗೊಣಗುತ್ತಲೇ ಕೊಡೆ ಬಿಚ್ಚಿದರು.